ಪದವಿಗೆ ಮೊದಲು ಕಾಯಕ

ಪದವಿಯಿಂದ ಮನುಷ್ಯನಿಗೆ ಶೋಭೆಯೋ, ಮನುಷ್ಯನಿಂದ ಪದವಿಗೆ ಶೋಭೆಯೋ ಎಂಬ ಜಿಜ್ಞಾಸೆ ಇಂದು ನಿನ್ನೆಯದಲ್ಲ. ಇದಕ್ಕೆ ತಮ್ಮ ಬದುಕಿನಿಂದಲೇ ಉತ್ತರವಿತ್ತ ಒಬ್ಬ ತಾಯಿಯ ಚರಿತ್ರೆಯನ್ನು ಈ ತಿಂಗಳು ಓದುಗ ಬಂಧುಗಳ ಮುಂದಿರಿಸುತ್ತಿದ್ದೇವೆ. ಅವರು ಐರ್ಲೆಂಡಿನ ಡಬ್ಲಿನ್ ನಗರದ ಪ್ರಥಮ ಮಹಿಳಾ ಮೇಯರ್ ಕ್ಯಾಥ್ಲೀನ್ ಕ್ಲಾರ್ಕ್.

1878ರಲ್ಲಿ ಲಿಮರಿಕ್ ನಗರದಲ್ಲಿ ಜನಿಸಿದ ಈಕೆ ಹೊಲಿಗೆಯ ಕಾಯಕದಿಂದ ಸ್ವಾವಲಂಬಿಯಾದವರು. ನಾಡಿನ ಸ್ವಾತಂತ್ರ್ಯಕ್ಕಾಗಿ 15 ವರ್ಷ ಆಂಗ್ಲರ ಸೆರೆಯಲ್ಲಿ ನವೆದ ಟಾಮ್ ಕ್ಲಾರ್ಕ್ ಅವರನ್ನು 1901ರಲ್ಲಿ ವರಿಸಿದರು. 1916ರ ಈಸ್ಟರ್ ಬಂಡಾಯ ವಿಫಲವಾದಾಗ ಸರ್ಕಾರವು ಮೇ 3ರಂದು ಪತಿಯನ್ನೂ ಮರುದಿನ ತಮ್ಮ ನೆಡ್ ಡೇಲಿಯನ್ನೂ ಗುಂಡಿಕ್ಕಿ ಕೊಂದಿತು. ಮನೆಯಲ್ಲಿ ಮೂವರು ಗಂಡುಮಕ್ಕಳು. ಗರ್ಭದಲ್ಲಿದ್ದ ಕೂಸೂ ಉಳಿಯಲಿಲ್ಲ.

ಇಂತಹ ದುಃಖದಲ್ಲಿಯೂ ಆಕೆ ನೆನೆದದ್ದು ಅನ್ಯರ ಮನೆಗಳ ಒಲೆಯನ್ನು. ಹೋರಾಟಗಾರರು ನಂಬಿಕೆಯಿಂದ ತಮ್ಮ ವಶಕ್ಕೆ ಒಪ್ಪಿಸಿದ್ದ ಹಣದಿಂದ, ಮಡಿದವರ ಹಾಗೂ ಸೆರೆಯಾದವರ ಕುಟುಂಬಗಳಿಗಾಗಿ ಸಹಾಯನಿಧಿಯನ್ನು ತೆರೆದರು. ಮುಂದೆ ನಾಡಿನ ನಾಯಕರಾದ ಮೈಕಲ್ ಕಾಲಿನ್ಸ್ 1917ರಲ್ಲಿ ಈ ನಿಧಿಯ ಕಾರ್ಯದರ್ಶಿಯಾಗಿದ್ದರು. 1918ರಲ್ಲಿ ಆಕೆಯನ್ನೂ ಬಂಧಿಸಿ ಲಂಡನ್ನಿನ ಹಾಲೋವೇ ಸೆರೆಮನೆಯಲ್ಲಿರಿಸಲಾಯಿತು. ಬಿಡುಗಡೆಯ ನಂತರ ಡಬ್ಲಿನ್ ನಗರಸಭೆ, ಸಂಸತ್ತಿನ ಕೆಳಮನೆ, ಮೇಲ್ಮನೆಗಳಲ್ಲಿ ಸೇವೆ ಸಲ್ಲಿಸಿದರು. 1937ರ ಸಂವಿಧಾನವು ಸ್ತ್ರೀಯರ ಸಮಾನತೆಯನ್ನು ಕುಗ್ಗಿಸುತ್ತದೆಂದು, ಸ್ವಪಕ್ಷದ ಸರ್ಕಾರವೇ ಅದನ್ನು ತಂದಿದ್ದರೂ, ನಿರ್ಭೀತಿಯಿಂದ ವಿರೋಧಿಸಿದರು.

1939ರಲ್ಲಿ ಮೇಯರ್ ಪದವಿ ಬಂದಿತು. ಇಂಗ್ಲೆಂಡಿನ ದೊರೆ ಮೂರನೆಯ ವಿಲಿಯಂ ನಗರಕ್ಕೆ ಕೊಟ್ಟಿದ್ದ ಚಿನ್ನದ ಅಧಿಕಾರಮಾಲೆಯನ್ನು ಅವರು ಕೊರಳಿಗೆ ಹಾಕಿಕೊಳ್ಳಲೊಪ್ಪಲಿಲ್ಲ. 1941ರವರೆಗೆ ಆ ಪದವಿಯಲ್ಲಿದ್ದು, 1972ರಲ್ಲಿ 94ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡು ಅವರಿಗೆ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನೆರವೇರಿಸಿತು.

ಪದವಿ ದೊರೆತರೆ ಸೇವೆ ಮಾಡುತ್ತೇವೆ ಎನ್ನುವವರನ್ನು ನಾವು ನಿತ್ಯವೂ ಕಾಣುತ್ತೇವೆ. ಈ ತಾಯಿಯ ಬಾಳಿನಲ್ಲಿ ಸೇವೆ ಮೊದಲು ಬಂದಿತು. ಮೇಯರ್ ಪದವಿ ಬಂದದ್ದು 23 ವರ್ಷಗಳ ಬಳಿಕ. ನಮ್ಮ ಸಂಘ-ಸಂಸ್ಥೆಗಳ ಸಭೆಗಳಲ್ಲಿ ಹಾರ-ತುರಾಯಿಗಳಿಗೆ ಕೊರತೆಯಿಲ್ಲ. ಆದರೆ ದುಡಿಯುವ ಕೈಯನ್ನು ಕಳೆದುಕೊಂಡ ನೆರೆಮನೆಯವರು ಇಂದು ಏನು ಉಂಡರೆಂಬುದನ್ನು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ? ದಾಸೋಹದ ಮಾತನ್ನು ಆಡುವ ನಾವು ಈ ಲೆಕ್ಕವನ್ನು ಮೊದಲು ನಮ್ಮ ಮನೆಯಿಂದಲೇ ಆರಂಭಿಸೋಣ.