ಲುಬ್ಧಕನ ಕಟ್ಟುಕಥೆಯೂ ಬೂದಿಯ ಆಕಾಶಗಂಗೆಯೂ

ಆಫ್ರಿಕದ ನಕ್ಷತ್ರಜ್ಞಾನವನ್ನೂ ಈಗಿನ ಗಣಕಯಂತ್ರಗಳ ನಾಗರಿಕತೆಯನ್ನೂ ಒಂದೇ ಕೃತಿಯಲ್ಲಿ ಹೊಂದಿಸುವ ಮಿಶ್ರಮಾಧ್ಯಮದ ಕಲೆಯು ಇತ್ತೀಚೆಗೆ ಮನ್ನಣೆ ಪಡೆದಿದೆ. ಬಟ್ಟೆ, ಮರಳು, ತಂತಿ, ಬೆಳಗುವ ಪರದೆ ಇವನ್ನೆಲ್ಲ ಕೂಡಿಸಿ ಕಲಾವಿದರು ಆಕಾಶವನ್ನು ಕಟ್ಟುತ್ತಾರೆ. ಈ ಉದ್ಯಮವು ಸ್ತುತ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಇಂಥ ಕಲೆಯನ್ನು ಮೆಚ್ಚುವವರು ಮೇಲಿಂದಮೇಲೆ ಎತ್ತಿ ಹೇಳುವ ಒಂದು ಕಥೆಯ ವಿಷಯದಲ್ಲಿ ಸುಮ್ಮನಿರುವುದು ನಮ್ಮಿಂದಾಗದು.

ಅದು ಮಾಲಿ ದೇಶದ ದೋಗೊನ್ ಜನರ ಕಥೆ. ಲುಬ್ಧಕ ನಕ್ಷತ್ರಕ್ಕೆ ಬರಿಗಣ್ಣಿಗೆ ಕಾಣದ ಸಂಗಾತಿಯೊಂದುಂಟು. ದೂರದರ್ಶಕದಲ್ಲಿ ಅದು ಮೊದಲು ಕಂಡುದು 1862ರಲ್ಲಿ. ದೋಗೊನ್ ಜನರು ಅದನ್ನು ಬಲ್ಲರೆಂಬ ವರದಿಯನ್ನು ಮಾರ್ಸೆಲ್ ಗ್ರಿಯೋಲ್, ಜರ್ಮೇನ್ ದೀತರ್ಲೆನ್ ಎಂಬ ಫ್ರೆಂಚ್ ವಿದ್ವಾಂಸರು 1950ರಲ್ಲಿ ಪ್ರಕಟಿಸಿದರು. 1976ರಲ್ಲಿ ರಾಬರ್ಟ್ ಟೆಂಪಲ್ ಎಂಬವರು, ಆ ಜ್ಞಾನವು ಲುಬ್ಧಕಲೋಕದಿಂದ ಇಳಿದುಬಂದ ಜೀವಿಗಳ ಪ್ರಸಾದವೆಂದು ಗ್ರಂಥವನ್ನೇ ರಚಿಸಿದರು. ದೋಗೊನ್ ಜನರ ನಡುವೆ ಬಹುಕಾಲವಿದ್ದು ವಿಚಾರಿಸಿದ ವಾಲ್ಟರ್ ವಾನ್ ಬೇಕ್ ಎಂಬವರು ಅಂಥ ಸಂಪ್ರದಾಯವೇ ತಮಗೆ ದೊರೆಯಲಿಲ್ಲವೆಂದು 1991ರಲ್ಲಿ ಬರೆದರು. ಇಷ್ಟಾದರೂ ಕಥೆಯು ಸಾಯಲಿಲ್ಲ.

“ಕಲೆಯು ಶಾಸ್ತ್ರವಲ್ಲ, ಕಲ್ಪನೆಗೆ ಕಟ್ಟುಪಾಡುಂಟೆ?” ಎಂದು ಕೆಲವರು ಕೇಳುವರು. ಇಲ್ಲ, ಒಪ್ಪಿದೆವು. ಆದರೆ ಈ ಕಲ್ಪನೆಯ ಒಳಗಿರುವ ಮಾತೇನು? ಆಫ್ರಿಕದವನು ತನ್ನ ಕಣ್ಣಿನಿಂದ ನೋಡಿ, ತನ್ನ ಬುದ್ಧಿಯಿಂದ ಆಕಾಶವನ್ನು ಅರಿಯಲಾರನು. ಯಾರಾದರೂ ಹೊರಗಿನವರು ಬಂದು ಕಲಿಸಬೇಕು, ಎಂದಲ್ಲವೆ? ವಸಾಹತಿನ ಅಧಿಕಾರಿಗಳು ಬಾಯಿಬಿಟ್ಟು ಆಡಿದ ಮಾತನ್ನೇ ಇವರು ಬಣ್ಣಬಳಿದು ಆಡುತ್ತಾರೆ. ಇದು ಗೌರವವಲ್ಲ, ಅವಹೇಳನ.

ಆಧಾರವಿರುವ ಕಥೆಗಳಿಗೆ ಅಭಾವವಿದ್ದರೆ ಇದನ್ನು ಕ್ಷಮಿಸಬಹುದಿತ್ತು. ಅಭಾವವೆಲ್ಲಿದೆ? 1870ರ ದಶಕದಲ್ಲಿ ಕೇಪ್‌ಟೌನಿನಲ್ಲಿ ವಿಲ್ಹೆಲ್ಮ್ ಬ್ಲೀಕ್, ಲೂಸಿ ಲಾಯ್ಡ್ ಎಂಬವರು ಕ್ಸಾಮ್ ಜನರ ಬಾಯಿಂದ ಅವರ ಭಾಷೆಯಲ್ಲೇ ಕಥೆಗಳನ್ನು ಬರೆದುಕೊಂಡರು. ಕಥೆ ಹೇಳಿದವರಲ್ಲಿ ಹಲವರು ಸೆರೆಮನೆಯಿಂದ ಬಂದವರು. ಆದಿಕಾಲದ ಹುಡುಗಿಯೊಬ್ಬಳು ಬೂದಿಯನ್ನು ಬಾನಿಗೆರಚಲು ಅದು ಆಕಾಶಗಂಗೆಯಾಯಿತು, ಇರುಳಿನಲ್ಲಿ ಮನೆಗೆ ಮರಳುವವರಿಗೆ ದಾರಿ ತೋರಿಸಿತು, ಎಂಬ ಕಥೆ ಅವುಗಳಲ್ಲೊಂದು; 1911ರಲ್ಲಿ ಅಚ್ಚಾಯಿತು. ಕೇಪ್‌ಟೌನಿನಲ್ಲಿ ಹುಟ್ಟಿದ ಗ್ಯಾವಿನ್ ಯಾಂಟ್ಯೆಸ್ ಎಂಬ ಚಿತ್ರಕಾರರು 1989-90ರಲ್ಲಿ ಇದನ್ನೇ ಚಿತ್ರಿಸಿದರು: ಬೆಂಕಿಯ ಸುತ್ತಲೂ ಕುಣಿತ, ಮೇಲೇರುವ ಕಿಡಿಗಳೇ ನಕ್ಷತ್ರಗಳು. 2012ರಲ್ಲಿ ವಾಷಿಂಗ್ಟನ್ನಿನ ಆಫ್ರಿಕನ್ ಕಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ನಡೆದ ‘ಆಫ್ರಿಕನ್ ಕಾಸ್ಮೋಸ್’ ಪ್ರದರ್ಶನದಲ್ಲಿ ಆ ಚಿತ್ರವಿತ್ತು. ಅದಕ್ಕೆ ಅನ್ಯಲೋಕದ ಗುರುಗಳು ಬೇಕಾಗಲಿಲ್ಲ.

ಇನ್ನು ಗಣಕಯಂತ್ರದ ನಂಟೆಂದರೋ, ಅದೂ ಅಲ್ಲಿಯೇ ಇದೆ. ಕ್ಸಾಮ್ ಜನರು ಬಾಳಿದ ಕರೂ ಬಯಲಿನಲ್ಲಿ 64 ತಟ್ಟೆಗಳ ಮೀರ್‌ಕ್ಯಾಟ್ ರೇಡಿಯೋ ದೂರದರ್ಶಕವು 2018ರಲ್ಲಿ ಉದ್ಘಾಟನೆಗೊಂಡು, ಆ ಹುಡುಗಿ ಎರಚಿದ ಆಕಾಶಗಂಗೆಯ ನಡುಮಧ್ಯವನ್ನೇ ಚಿತ್ರಿಸಿ ತೋರಿಸಿತು. ಬ್ಲೀಕ್, ಲಾಯ್ಡ್ ಅವರ ಟಿಪ್ಪಣಿಪುಸ್ತಕಗಳ ಪುಟಗಳು ಇಂದು ಅಂತರ್ಜಾಲದಲ್ಲಿ ಯಾರಿಗಾದರೂ ದೊರೆಯುತ್ತವೆ. ಅವುಗಳನ್ನು ಓದಿ ಹೇಳಬಲ್ಲ ಕ್ಸಾಮ್ ಬಾಯಿ ಮಾತ್ರ ಇಲ್ಲ; ಆ ಭಾಷೆಯನ್ನು ತಾಯಿನುಡಿಯಾಗಿ ಆಡುವವರು ಇಂದು ಯಾರೂ ಉಳಿದಿಲ್ಲ. ದಕ್ಷಿಣ ಆಫ್ರಿಕವು 2000ದಲ್ಲಿ ತನ್ನ ರಾಷ್ಟ್ರಲಾಂಛನದ ಧ್ಯೇಯವಾಕ್ಯವನ್ನು ಆ ಭಾಷೆಯಲ್ಲಿಯೇ ಬರೆಯಿಸಿತು. ಮಾತಾಡುವವರು ಮುಗಿದ ಮೇಲೆ ದೊರೆತ ಮರ್ಯಾದೆ ಅದು.

ಬೂದಿ, ಕೈಬರಹ, ತಟ್ಟೆ, ಪರದೆ: ಇವೆಲ್ಲ ಒಂದೇ ನೆಲದ ವಸ್ತುಗಳಾಗಿ ಕಲಾವಿದರ ಮುಂದಿವೆ. ಇವನ್ನು ಬಿಟ್ಟು ಲುಬ್ಧಕನ ಕಟ್ಟುಕಥೆಯ ಬೆನ್ನುಹತ್ತುವುದು ಉಚಿತವೆ? ಕೃತಿಯ ಪಕ್ಕದಲ್ಲಿ, ಈ ಕಥೆ ಯಾವ ಜನರದು, ಯಾರು ಯಾವಾಗ ಬರೆದುಕೊಂಡರು, ಹೇಳಿದವರು ಏನಾದರು ಎಂಬುದನ್ನು ನಾಲ್ಕು ಸಾಲಿನಲ್ಲಿ ತಿಳಿಸಲಿ. ಕಲ್ಪನೆಗೆ ಅದರಿಂದ ಯಾವ ಕುಂದೂ ಬಾರದು. ಸತ್ತವರ ಋಣವಾದರೂ ಅಷ್ಟಿಷ್ಟು ತೀರೀತು.