ಮೇಲ್ಮನವಿಗೆ ನೆರವು ಮೊದಲ ವಾರದಲ್ಲೇ ಸಿಗಬೇಕು

ಸಿವಿಲ್ ದಾವೆಯಲ್ಲಿ ಸೋತವರು ಮೊದಲು ಹುಡುಕುವುದು ದೊಡ್ಡ ವಕೀಲರನ್ನು. ಅವರು ಸಿಗುವ ಹೊತ್ತಿಗೆ ಮೇಲ್ಮನವಿಯ ಅವಧಿ ಅರ್ಧ ಕಳೆದಿರುತ್ತದೆ. ಜಿಲ್ಲಾ ನ್ಯಾಯಾಲಯಕ್ಕೆ ಹೋಗಲು 1963ರ ಲಿಮಿಟೇಶನ್ ಕಾಯ್ದೆ ಕೊಡುವುದು 30 ದಿನ, ಹೈಕೋರ್ಟಿಗಾದರೆ 90 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಈ ಲೆಕ್ಕದಿಂದ ಬಿಡುತ್ತಾರೆ ನಿಜ, ಆದರೆ ಬಿಡುವುದು ಅರ್ಜಿ ಹಾಕಿದ ದಿನದಿಂದ ನಕಲು ತಯಾರಾದ ದಿನದವರೆಗೆ ಮಾತ್ರ. ಅರ್ಜಿ ಬಂದದ್ದು ಯಾವಾಗ, ನಕಲು ತಯಾರಾದದ್ದು ಯಾವಾಗ, ಕೈಗೆ ಕೊಟ್ಟದ್ದು ಯಾವಾಗ ಎಂಬುದೆಲ್ಲ ಆ ನಕಲಿನ ಮೇಲೆಯೇ ನಮೂದಾಗಿರುತ್ತದೆ. 25ನೇ ದಿನ ಅರ್ಜಿ ಹಾಕಿದವನಿಗೆ ನಕಲು ತಯಾರಾದ ಮೇಲೆ ಉಳಿಯುವುದು ಐದೇ ದಿನ. ತಯಾರಾದದ್ದನ್ನು ಒಯ್ಯದೆ ತಡ ಮಾಡಿದರೆ ಅದೂ ಅವನ ತಲೆಯ ಮೇಲೆಯೇ. ಹಾಗಾಗಿ ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಯ ಕನ್ನಡಿಗರ ಮಟ್ಟಿಗೆ ಕಾನೂನು ನೆರವೆಂದರೆ ವಾದ ಮಾಡುವ ವಕೀಲರಷ್ಟೇ ಅಲ್ಲ. ತೀರ್ಪು ಬಂದ ಮೊದಲ ವಾರದಲ್ಲಿ ಕಾಗದಪತ್ರ ಸರಿಯಾಗಿ ಜೋಡಿಸಿಕೊಡುವ ಜನರೂ ಬೇಕು. ಆ ಜನರನ್ನು ಹುಟ್ಟುಹಾಕುವ ಹೊಣೆಯಲ್ಲಿ ಇಲ್ಲಿನ ನಮ್ಮ ಸಂಘಗಳಿಗೂ ಪಾಲಿದೆ.

ಮೇಲ್ಮನವಿ ಬರೆಯುವುದು ಗುಮಾಸ್ತರ ಕೆಲಸವೆಂಬ ತಾತ್ಸಾರ ಬಹಳ ಹಳೆಯದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶ ಓದಿದರೆ ಅದು ಎಷ್ಟು ತಪ್ಪೆಂದು ತಿಳಿಯುತ್ತದೆ. ಆಕ್ಷೇಪಣೆಯ ಕಾರಣಗಳು ಚಿಕ್ಕದಾಗಿ, ಬೇರೆ ಬೇರೆಯಾಗಿ, ಕ್ರಮಸಂಖ್ಯೆ ಹಾಕಿ ಇರಬೇಕು. ಅದರಲ್ಲಿ ವಾದವೂ ಇರಬಾರದು, ಕಥೆಯೂ ಇರಬಾರದು. ಸೋತವರಿಗೆ ಇರುವುದೇ ಹೇಳಿಕೊಳ್ಳುವ ಕಥೆ! ‘ನ್ಯಾಯಾಧೀಶರು ನಮ್ಮ ಮಾತು ಕೇಳಲೇ ಇಲ್ಲ’ ಎಂದು ನಾಲ್ಕು ಪುಟ ಬರೆದರೆ ಅದರಿಂದ ಏನೂ ಹುಟ್ಟುವುದಿಲ್ಲ. ‘ನಿಶಾನಿ 34ರ ಬಾಡಿಗೆ ರಸೀದಿಯನ್ನು ತೀರ್ಪಿನಲ್ಲಿ ಪರಿಶೀಲಿಸಿಲ್ಲ’ ಎಂಬ ಒಂದು ಸಾಲಿಗೆ ತೂಕವಿದೆ. ಬರೆಯದೆ ಬಿಟ್ಟ ಕಾರಣವನ್ನು ಮುಂದೆ ಎತ್ತಬೇಕಾದರೆ ಕೋರ್ಟಿನ ಅನುಮತಿ ಬೇಕು. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಕೆಳಗಿನ ಡಿಕ್ರಿ ನಿಲ್ಲುವುದೂ ಇಲ್ಲ. ತಡೆಯಾಜ್ಞೆಗೆ ಬೇರೆಯೇ ಅರ್ಜಿ, ಅದಕ್ಕೆ ಬೇರೆಯೇ ಅಫಿಡವಿಟ್. ಮೇಲ್ಮನವಿ ದಾಖಲಾಯಿತೆಂದು ನಿಶ್ಚಿಂತೆಯಿಂದ ಇದ್ದವರ ಮನೆ ಬಾಗಿಲಿಗೆ ಅಮಲ್ಜಾರಿಯ ಬೇಲಿಫ್ ಬರುವುದು ಈ ಅರ್ಜಿ ಇಲ್ಲದಾಗಲೇ.

ಇದರ ಮೇಲೆ ಭಾಷೆಯ ತೊಡಕು. 1998ರ ಜುಲೈ ಅಧಿಸೂಚನೆಯಿಂದ ಮಹಾರಾಷ್ಟ್ರದ ಅಧೀನ ನ್ಯಾಯಾಲಯಗಳ ಭಾಷೆ ಮರಾಠಿ. ತೀರ್ಪು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಆದರೆ ಡೊಂಬಿವಲಿಯ ಒಂದು ಫ್ಲ್ಯಾಟಿನ ವ್ಯಾಜ್ಯ ಕಾರ್ಕಳದಲ್ಲಿ ನೋಂದಣಿಯಾದ ಕನ್ನಡ ವೀಲುನಾಮೆಯ ಮೇಲೆ, ಇಲ್ಲವೇ ಅಣ್ಣತಮ್ಮಂದಿರು ಊರಿನಲ್ಲಿ ಬರೆದುಕೊಂಡ ಪಾಲುಪಟ್ಟಿಯ ಮೇಲೆ ನಿಂತಿರಬಹುದು. ಅಂಥ ಪತ್ರದ ಅನುವಾದದಲ್ಲಿ ‘ಅನುಭವಿಸಿಕೊಂಡು ಬರತಕ್ಕದ್ದು’ ಎಂಬುದು ಬರಿಯ ವಾಸದ ಹಕ್ಕಾಯಿತೋ ಪೂರ್ತಿ ಒಡೆತನವಾಯಿತೋ ಎಂಬುದರ ಮೇಲೆ ಇಡೀ ಮೇಲ್ಮನವಿ ನಿಲ್ಲಬಹುದು. ಇನ್ನು ತನ್ನ ಹೆಸರಿನ ಅಫಿಡವಿಟ್‌ನಲ್ಲಿ ಏನಿದೆ ಎಂದು ಓದಲಾಗದೆ ‘ಇಲ್ಲಿ ಸಹಿ ಹಾಕಿ’ ಎಂದಲ್ಲಿ ಸಹಿ ಹಾಕುವವರು ಪ್ರಮಾಣ ಮಾಡುತ್ತಿರುವುದು ಯಾವುದಕ್ಕೆ?

ಇದಕ್ಕೆಲ್ಲ ಹಣ ಎಲ್ಲಿದೆ ಎಂದು ಕೇಳುವವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯನ್ನು ಬಿಡಿಸಿ ನೋಡಬೇಕು. ಅದರ 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ಮಹಾರಾಷ್ಟ್ರದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿ. ಆದಾಯಕ್ಕೆ ಸಾಮಾನ್ಯವಾಗಿ ಅಫಿಡವಿಟ್ ಸಾಕು. ಅರ್ಜಿ ಬರೆಯಲು ಬಾರದವರು ಬಾಯಿಮಾತಿನಲ್ಲೇ ಕೋರಬಹುದು. ನೆರವಿನ ಪಟ್ಟಿಯಲ್ಲಿ ವಕೀಲರ ಜೊತೆಗೆ ಕೋರ್ಟ್ ಫೀ, ದೃಢೀಕೃತ ನಕಲು, ಮೇಲ್ಮನವಿ ಮತ್ತು ಪೇಪರ್ ಬುಕ್ ತಯಾರಿ, ದಾಖಲೆಗಳ ಅನುವಾದವೂ ಸೇರಿದೆ. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯಲ್ಲಿ ದುಡಿಯುವ ಕಲಬುರಗಿಯ ಕಾರ್ಮಿಕನಿಗೂ, ಐರೋಲಿಯ ವಿಧವೆಗೂ ಇದು ಹಕ್ಕು, ಯಾರದೋ ಕೃಪೆಯಲ್ಲ. ಕಾಗದದ ಮೇಲೆ ಇಷ್ಟು ಚೆನ್ನಾಗಿರುವ ಹಕ್ಕು ಜನರನ್ನು ಮುಟ್ಟದಿರಲು ಕಾರಣ, ಕೇಳಬೇಕೆಂದೇ ಯಾರಿಗೂ ಗೊತ್ತಿಲ್ಲದಿರುವುದು.

ಎಲ್ಲಿಗೆ ಹೋಗಬೇಕೆಂಬುದೂ ಸರಳವಲ್ಲ. ಡೊಂಬಿವಲಿಯವರಿಗೆ ಕಲ್ಯಾಣದ ಕೋರ್ಟು. ನವಿಮುಂಬಯಿ ಒಂದೇ ಊರೆಂದುಕೊಂಡರೂ ವಾಶಿ, ನೆರೂಲ್ ಥಾಣೆ ಜಿಲ್ಲೆಯಲ್ಲಿವೆ, ಖಾರ್‌ಘರ್, ಪನ್ವೇಲ್ ರಾಯಗಡದಲ್ಲಿವೆ. ವಿಚಾರಿಸಿಕೊಳ್ಳಲು ಒಂದು ದಿನ, ನಕಲಿಗೆ ಒಂದು ದಿನ, ಸಹಿಗೆ ಇನ್ನೊಂದು ದಿನ ಎಂದರೆ ಹೋಟೆಲು ಕೆಲಸದವನಿಗೆ ಮೂರು ದಿನದ ಸಂಬಳ ಹೋಯಿತು. ಕಾನೂನು ಸೇವಾ ಪ್ರಾಧಿಕಾರಗಳು ಪ್ಯಾರಾ ಲೀಗಲ್ ಸ್ವಯಂಸೇವಕರಿಗೆ ತರಬೇತಿ ಕೊಡುತ್ತವೆ. ಮಂಜುನಾಥ ವಿದ್ಯಾಲಯ ನಡೆಸುವ ಡೊಂಬಿವಲಿ ಕರ್ನಾಟಕ ಸಂಘ, ವಾಶಿಯ ಕನ್ನಡ ಸಂಘ ಇಂಥವು ಕನ್ನಡ, ಮರಾಠಿ ಎರಡೂ ಬಲ್ಲ ನಾಲ್ಕಾರು ಜನರನ್ನು ಆ ತರಬೇತಿಗೆ ಕಳಿಸಿ, ಭಾನುವಾರ ಎರಡು ಗಂಟೆ ಒಂದು ಮೇಜು ಹಾಕಿ ಕೂರಿಸಿದರೆ ಸಾಕು. ನಕಲಿಗೆ ಅರ್ಜಿ ಹೋಯಿತೇ, ಅವಧಿ ಎಂದಿಗೆ ಮುಗಿಯುತ್ತದೆ, ಯಾವ ದಾಖಲೆಗೆ ಅನುವಾದ ಬೇಕು ಎಂದು ನೋಡಿ ಪ್ರಾಧಿಕಾರದ ಕಚೇರಿಗೆ ದಾಟಿಸುವುದಷ್ಟೇ ಅವರ ಕೆಲಸ. ಕಾರಣಗಳನ್ನು ಬರೆಯುವುದು ವಕೀಲರಿಗೇ ಬಿಟ್ಟದ್ದು. ಈ ಗೆರೆ ದಾಟಿದರೆ ಉಪಕಾರಕ್ಕಿಂತ ಅಪಾಯ ಹೆಚ್ಚು.

ನಲವತ್ತು ವರ್ಷ ಇಲ್ಲಿದ್ದವರು ಮರಾಠಿ ಕಲಿಯಬಾರದೇ ಎನ್ನುವವರಿದ್ದಾರೆ. ಕಲಿತೇ ಇದ್ದಾರೆ. ಬಜಾರಿನ ಮರಾಠಿ ಬೇರೆ, ಡಿಕ್ರಿಯ ಮರಾಠಿ ಬೇರೆ; ಅದು ಎಷ್ಟೋ ಮರಾಠಿಗರಿಗೇ ಬಿಡಿಸಲಾಗದ ಭಾಷೆ. ತಡವಾದರೆ ಕೋರ್ಟು ಮನ್ನಿಸುತ್ತದಲ್ಲ ಎಂಬ ಮಾತು ಇನ್ನೂ ಹೆಚ್ಚು ಕೇಳಿಬರುತ್ತದೆ. 1987ರ ಅನಂತನಾಗ್ ಭೂಸ್ವಾಧೀನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉದಾರವಾಗಿ ನೋಡಬೇಕೆಂದದ್ದು ಹೌದು. ಅಲ್ಲಿ ತಡವಾದದ್ದು ನಾಲ್ಕು ದಿನ, ತಡ ಮಾಡಿದ್ದು ಸರಕಾರ. ಅದೇ ಕೋರ್ಟು 2024ರ ಏಪ್ರಿಲಿನಲ್ಲಿ ಇನ್ನೊಂದು ಭೂಸ್ವಾಧೀನ ಪ್ರಕರಣದಲ್ಲಿ, ಉದಾರತೆಯ ಹೆಸರಿನಲ್ಲಿ ಕಾಲಮಿತಿಯ ಕಾನೂನನ್ನೇ ಬದಿಗೆ ಸರಿಸಲಾಗದು ಎಂದು ಬಾಗಿಲು ಹಾಕಿತು. ಮನ್ನಾ ಸಿಗುತ್ತದೆಂದು ನಂಬಿ ಕೂರುವುದು ಜೂಜು.

ಉಚಿತ ವಕೀಲರ ಗುಣಮಟ್ಟದ ಬಗೆಗಿನ ಗುಮಾನಿಯನ್ನು ತಳ್ಳಿಹಾಕಲಾಗದು. ಆದರೆ ಗಡುವಿನ ಹಿಂದಿನ ದಿನ ಕಡತ ಕೈಗೆ ಬಂದರೆ ದುಬಾರಿ ವಕೀಲರೂ ಬರೆಯುವುದು ಹಳಸಲು ಕಾರಣಗಳನ್ನೇ. ನೆರವು ಹೆಚ್ಚಾದರೆ ಮೇಲ್ಮನವಿಗಳ ರಾಶಿ ಬೀಳುತ್ತದೆಂಬ ಆತಂಕಕ್ಕೆ ಕಾಯ್ದೆಯಲ್ಲೇ ಉತ್ತರವಿದೆ: ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿದೆಯೆಂದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು. ಮೊದಲ ವಾರದಲ್ಲೇ ಕಡತ ನೋಡಿದವರು ‘ಇದರಲ್ಲಿ ಹುರುಳಿಲ್ಲ, ರಾಜಿ ಮಾಡಿಕೊಳ್ಳಿ’ ಎಂದು ಹೇಳುವುದೂ ನೆರವೇ. ಆದರೆ ಲೋಕ ಅದಾಲತ್ತಿನಲ್ಲಾದ ರಾಜಿಯ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಆ ಮೇಜಿನ ಸ್ವಯಂಸೇವಕರು ಅಲ್ಲಿಗೂ ಜೊತೆಯಲ್ಲಿ ಹೋಗಿ, ಸಹಿ ಬೀಳುವ ಮೊದಲು ರಾಜಿಯ ಷರತ್ತುಗಳನ್ನು ಕನ್ನಡದಲ್ಲಿ ಒಂದೊಂದಾಗಿ ಓದಿ ಹೇಳಬೇಕಾಗುತ್ತದೆ.