ಹಲ್ಲಿಗೆ ತುಂಬುವ ಮುನ್ನ

ಹುಳುಕು ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡವರಿಗೆ ಒಂದೇ ಚಿಂತೆ: ಇದು ಎಷ್ಟು ದಿನ ಬಾಳುತ್ತದೆ? ಉತ್ತರ ಹುಡುಕುವ ಕೆಲಸ ಪ್ರಯೋಗಾಲಯದಲ್ಲಿ ಶುರುವಾಗುತ್ತದೆ. ಐಎಸ್‌ಒ 4049 ಮಾನದಂಡದಂತೆ ಕಾಂಪೋಸಿಟ್ ಎಂಬ ಭರ್ತಿ ವಸ್ತುವಿನಿಂದ 25 ಮಿ.ಮೀ. ಉದ್ದ, 2 ಮಿ.ಮೀ. ಅಗಲ, ಅಷ್ಟೇ ದಪ್ಪದ ಕಡ್ಡಿ ಮಾಡಿ, 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಟ್ಟು, ಮಾರನೆಯ ದಿನ ಎರಡು ಆಧಾರಗಳ ಮೇಲಿರಿಸಿ ನಡುವೆ ಒತ್ತುತ್ತಾರೆ. ಟಕ್ಕೆಂದು ಮುರಿಯುವ ಗಳಿಗೆಯ ಭಾರದಿಂದ ಬಲ ಲೆಕ್ಕಹಾಕುತ್ತಾರೆ. ಜಗಿಯುವ ಮೇಲ್ಮೈಗೆ ಬಳಸುವುದಾದರೆ ಕನಿಷ್ಠ 80 ಮೆಗಾಪಾಸ್ಕಲ್ ತಾಳಬೇಕು.

ಆದರೆ ಬಾಯಿಯಲ್ಲಿ ಬರೀ ಭಾರವಲ್ಲ. ಬಿಸಿ ಕಾಫಿ, ಅದರ ಹಿಂದೆಯೇ ತಣ್ಣೀರು. ಅದಕ್ಕೆಂದೇ ಕಿತ್ತ ಹಲ್ಲುಗಳಿಗೆ ಭರ್ತಿ ಮಾಡಿ, 5 ಮತ್ತು 55 ಡಿಗ್ರಿ ನೀರಿನಲ್ಲಿ ಸಾವಿರಾರು ಬಾರಿ ಅದ್ದಿ ತೆಗೆಯುತ್ತಾರೆ. ಆಮೇಲೆ ಬಣ್ಣದ ದ್ರಾವಣದಲ್ಲಿಟ್ಟಾಗ ಅಂಚಿನಲ್ಲಿ ಬಣ್ಣ ಒಳಗಿಳಿದರೆ ಸಂದು ಬಿಟ್ಟಿದೆ ಎಂದರ್ಥ. ಈ ಹಲ್ಲುಗಳನ್ನು ಒಣಗಲು ಬಿಡುವಂತಿಲ್ಲ. ಒಣಗಿ ಪೆಡಸಾದ ಹಲ್ಲು ಬಾಯಿಯೊಳಗಿನ ಹಲ್ಲಿನಂತೆ ವರ್ತಿಸುವುದಿಲ್ಲ.

ಹಲ್ಲಿಗೆ ತುಂಬುವ ಹಳೆಯ ವಸ್ತುವಾದ ಪಾದರಸದ ಅಮಾಲ್ಗಮ್ ಬಳಕೆಯನ್ನು ಐರೋಪ್ಯ ಒಕ್ಕೂಟ 2025ರ ಜನವರಿಯಿಂದ ಬಹುಪಾಲು ನಿಲ್ಲಿಸಿದೆ. ಆ ಜಾಗಕ್ಕೆ ಬರುವ ಹೊಸ ವಸ್ತುಗಳ ಪರೀಕ್ಷೆಯಲ್ಲಿ ರಿಯಾಯಿತಿ ಸಲ್ಲದು. ನಿಮ್ಮ ಹಲ್ಲಿಗೆ ತುಂಬುತ್ತಿರುವುದೇನು, ಅದು ಯಾವ ಮಾನದಂಡ ದಾಟಿದೆ ಎಂದು ದಂತವೈದ್ಯರನ್ನು ಕೇಳಿ. ತಿಳಿಯುವುದು ನಿಮ್ಮ ಹಕ್ಕು.